ಬಾಲ್‌ರೂಮ್ ಬ್ಲಿಟ್ಜ್: ಬಾಟಲಿಗಳ ಮಳೆಯಲ್ಲಿ ಹುಟ್ಟಿದ ಹಾಡು

ಬಾಲ್ ಅಂದ ಕೂಡಲೇ ನಮಗೆ ಚೆಂಡು ನೆನಪಾಗುತ್ತದೆ, ಅಲ್ವಾ? ಈ ಬಾಲ್ ಬೇರೆ. ಇದರ ಅರ್ಥ ಕುಣಿತದ ಕೂಟ. ಬ್ಯಾಲೆ ಅನ್ನುವ ಪದ ಇದರ ಹತ್ತಿರದ ನೆಂಟ; ಎರಡೂ ಕುಣಿಯುವುದು ಅನ್ನುವ ಅರ್ಥದ ಲ್ಯಾಟಿನ್ ಪದದಿಂದ ಬಂದವು. ಹಾಗಾಗಿ ಬಾಲ್‌ರೂಮ್ ಅಂದರೆ ಜನ ಸೇರಿ ಕುಣಿಯುವ ದೊಡ್ಡ ಹಾಲ್.

ಬ್ಲಿಟ್ಜ್ ಜರ್ಮನ್ ಪದ. ಮಿಂಚು ಅಂತ ಅರ್ಥ. ಮಿಂಚಿನ ವೇಗದ ಯುದ್ಧಕ್ಕೆ ಬ್ಲಿಟ್ಜ್‌ಕ್ರೀಗ್ ಅನ್ನುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ, 1940ರ ಸೆಪ್ಟೆಂಬರ್‌ನಿಂದ 1941ರ ಮೇವರೆಗೆ ಜರ್ಮನಿ ಲಂಡನ್ ಮತ್ತು ಬೇರೆ ಊರುಗಳ ಮೇಲೆ ಬಾಂಬ್ ಸುರಿಯಿತು. ಆ ದಾಳಿಗೆ ಬ್ರಿಟನ್ನಿನ ಜನ ಇದೇ ಪದವನ್ನು ಮೊಟಕು ಮಾಡಿ 'ಬ್ಲಿಟ್ಜ್' ಅಂದರು. ಚೆಸ್‌ನಲ್ಲಿ ಕೆಲವೇ ನಿಮಿಷದಲ್ಲಿ ಮುಗಿಯುವ ಆಟಕ್ಕೂ ಈಗ ಇದೇ ಹೆಸರು.

ಕುಣಿತಕ್ಕೂ ದಾಳಿಗೂ ಗಂಟು ಬಿದ್ದದ್ದು ಹೇಗೆ? 1973ರ ಜನವರಿ 27. ಸ್ಕಾಟ್ಲೆಂಡಿನ ಕಿಲ್ಮಾರ್ನಾಕ್ ಊರಿನ ಗ್ರ್ಯಾಂಡ್ ಹಾಲ್. ವೇದಿಕೆ ಮೇಲೆ ಬ್ರಿಟನ್ನಿನ ನಾಲ್ವರ ರಾಕ್ ಬ್ಯಾಂಡ್ 'ಸ್ವೀಟ್'. ಅದು ಗ್ಲ್ಯಾಮ್ ರಾಕ್ ಕಾಲ. ಗಂಡಸರೇ ಲಿಪ್‌ಸ್ಟಿಕ್ ಹಚ್ಚಿ, ಮಿರಮಿರ ಮಿನುಗುವ ಬಟ್ಟೆ ತೊಟ್ಟು, ಎತ್ತರದ ಬೂಟು ಹಾಕಿ ಹಾಡುತ್ತಿದ್ದರು. ಇದ್ದಕ್ಕಿದ್ದಂತೆ ಸಭೆಯಿಂದ ಬಾಟಲಿಗಳು ಹಾರಿ ಬಂದವು. ನಾಲ್ವರೂ ಹಾಡು ಬಿಟ್ಟು ವೇದಿಕೆಯಿಂದ ಇಳಿಯಬೇಕಾಯಿತು. ಗಾಯಕ ಬ್ರಯಾನ್ ಕಾನಲಿ ಹುಟ್ಟಿದ್ದು ಅಲ್ಲೇ ಹತ್ತಿರದ ಗ್ಲಾಸ್ಗೋದಲ್ಲಿ. ತನ್ನ ಸೀಮೆಯ ಜನರೇ ಹೀಗೆ ಮಾಡಿದಾಗ ಎಷ್ಟು ನೊಂದಿರಬೇಕು!

ಬ್ಯಾಂಡ್‌ಗೆ ಹಾಡು ಬರೆದುಕೊಡುತ್ತಿದ್ದ ನಿಕಿ ಚಿನ್ ಮತ್ತು ಮೈಕ್ ಚಾಪ್‌ಮನ್ ಆ ರಾತ್ರಿಯನ್ನೇ 'ಬಾಲ್‌ರೂಮ್ ಬ್ಲಿಟ್ಜ್' ಅನ್ನುವ ಹಾಡು ಮಾಡಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಂದ ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 2ನೇ ಸ್ಥಾನಕ್ಕೇರಿತು. 1975ರಲ್ಲಿ ಅಮೆರಿಕದಲ್ಲಿ 5ನೇ ಸ್ಥಾನ. ನನಗೆ ಇಷ್ಟವಾಗುವುದು ಇದು: ಹಾಡಿನಲ್ಲಿ ದೂರಿಲ್ಲ, ಸಿಟ್ಟಿಲ್ಲ. ಪೆಟ್ಟು ತಿಂದ ರಾತ್ರಿಯೇ ಕುಣಿಯುವ ರಾತ್ರಿಯಾಗಿದೆ.

ಇನ್ನೊಂದು ಮಾತು. ಇದೇ ಬ್ಯಾಂಡ್‌ನ ಹಿಂದಿನ ದೊಡ್ಡ ಹಿಟ್ ಹಾಡು 'ಬ್ಲಾಕ್ ಬಸ್ಟರ್!'. ನಾವು ಸಿನಿಮಾಗೆ ಬಳಸುವ ಬ್ಲಾಕ್‌ಬಸ್ಟರ್ ಪದ ಕೂಡ ಅದೇ ಮಹಾಯುದ್ಧದ್ದು. ಒಂದಿಡೀ ಕಟ್ಟಡಗಳ ಸಾಲನ್ನೇ ಉರುಳಿಸುವ ಬಾಂಬಿಗೆ ಆ ಹೆಸರಿತ್ತು. ಬ್ಯಾಂಡ್‌ನ ನಾಲ್ವರೂ ಲಂಡನ್ ದಾಳಿ ಮುಗಿದ ಮೇಲೆ ಹುಟ್ಟಿದವರು. ಅಪ್ಪ ಅಮ್ಮಂದಿರು ಭಯದಿಂದ ಆಡುತ್ತಿದ್ದ ಮಾತು ಮಕ್ಕಳ ಕಾಲಕ್ಕೆ ಹಾಡಿನ ಹೆಸರಾಯಿತು.

ಹಾಡು ಕೇಳದವರು ಸುಮ್ನೆ ಮೊದಲ ಅರ್ಧ ನಿಮಿಷ ಕೇಳಿ. ಮಿಕ್ ಟಕರ್ ಡ್ರಮ್ಸ್ ದಡದಡ ಅನ್ನುತ್ತಿರುತ್ತದೆ. ಅದರ ಮೇಲೆ ಕಾನಲಿ ಹಾಜರಿ ಕರೆದಂತೆ ಒಬ್ಬೊಬ್ಬರನ್ನೇ ಕೇಳುತ್ತಾರೆ: ಸ್ಟೀವ್, ರೆಡಿನಾ? ಆಂಡಿ? ಮಿಕ್? ಮೂವರೂ ಹೂಂ ಅನ್ನುತ್ತಾರೆ. ಆಮೇಲೆ ಗಿಟಾರ್ ನುಗ್ಗುತ್ತದೆ.