ಗೋಮತಿ ಚಕ್ರ ಕಲ್ಲಲ್ಲ, ಬಾಗಿಲು

ಹುಬ್ಬಳ್ಳಿಯ ಪೂಜಾ ಸಾಮಾನಿನ ಅಂಗಡಿಗಳಲ್ಲಿ ಗೋಮತಿ ಚಕ್ರ ಕೇಳಿ, ಕೊಡುತ್ತಾರೆ. ಬೆಳ್ಳಗೆ, ಒಂದು ಕಡೆ ಉಬ್ಬು, ಇನ್ನೊಂದು ಕಡೆ ಚಪ್ಪಟೆ, ಅದರ ಮೇಲೊಂದು ಸುರುಳಿ. ಗಲ್ಲಾಪೆಟ್ಟಿಗೆಯಲ್ಲಿ ಇಟ್ಟರೆ ವ್ಯಾಪಾರ ಕುದುರುತ್ತದಂತೆ. ದ್ವಾರಕೆಯ ಗೋಮತಿ ನದಿಯಲ್ಲಿ ಹುಟ್ಟುವ ಕಲ್ಲಂತೆ. ಗೋಮತಿ ಅಲ್ಲಿ ಸಮುದ್ರ ಸೇರುತ್ತದೆ ಅನ್ನೋದನ್ನು ಮಾತ್ರ ಯಾರೂ ಹೇಳಲ್ಲ. ಇದು ಟರ್ಬನ್ ಬಸವನಹುಳು ಅನ್ನುವ ಕಡಲ ಜೀವಿಯ ಚಿಪ್ಪಿನ ಮುಚ್ಚಳ, ಹುಳು ಒಳಗೆ ಸರಿದಾಗ ಹಾಕಿಕೊಳ್ಳುವ ಬಾಗಿಲು, ಅಷ್ಟೇ.

ಈ ಬಳಗದಲ್ಲಿ ನಕ್ಷತ್ರದ ಆಕಾರದವೂ ಇವೆ. ನ್ಯೂಜಿಲೆಂಡ್ ಸಮುದ್ರದ ಆಸ್ಟ್ರೇಯಾ ಹೀಲಿಯೊಟ್ರೋಪಿಯಮ್ ಅನ್ನುವ ಹುಳುವಿನ ಚಿಪ್ಪಿನ ಅಂಚಿನ ತುಂಬ ಮುಳ್ಳುಗಳು. ಕ್ಯಾಪ್ಟನ್ ಕುಕ್‌ನ ಹಡಗುಗಳ ಜೊತೆ ಇದು ಇಂಗ್ಲೆಂಡಿಗೆ ಹೋಯಿತು, 1784ರಲ್ಲಿ ಚಿಪ್ಪುಗಳ ತಜ್ಞ ಥಾಮಸ್ ಮಾರ್ಟಿನ್ ಹೆಸರಿಟ್ಟ, 1798ರಲ್ಲಿ ಇನ್ನೊಬ್ಬ ತಜ್ಞ ರೋಡಿಂಗ್ ಆಸ್ಟ್ರೇಯಾ ಅನ್ನುವ ಕುಲ, ಅಂದರೆ ಹತ್ತಿರದ ಜೀವಿಗಳ ಗುಂಪು, ಮಾಡಿದ. ಜನ ಮುಳ್ಳು ನೋಡಿ ಮರುಳಾಗುತ್ತಾರೆ. ನನಗೆ ಮುಚ್ಚಳವೇ ಇಷ್ಟ.

ಯಾಕಂದ್ರೆ ಲೆಕ್ಕ ಕಷ್ಟದ್ದು. ಹುಳು ಬೆಳೆದಂತೆ ಚಿಪ್ಪಿನ ಬಾಯಿ ದೊಡ್ಡದಾಗುತ್ತದೆ, ಮುಚ್ಚಳವೂ ಅಷ್ಟೇ ದೊಡ್ಡದಾಗಬೇಕು, ಒಂದು ದಿನವೂ ಸಡಿಲ ಆಗಬಾರದು, ಆದರೆ ಹಳೆಯದನ್ನು ಕಿತ್ತು ಹೊಸದು ಹಾಕಿಕೊಳ್ಳುವ ಹಾಗೂ ಇಲ್ಲ. ಅದಕ್ಕೆ ಹುಳು ಒಂದೇ ಅಂಚಿಗೆ ಹೊಸ ಪದರ ಸೇರಿಸುತ್ತಾ ಹೋಗುತ್ತದೆ, ಮುಚ್ಚಳ ಅದರ ಪಾದದ ಮೇಲೆ ನಿಧಾನ ತಿರುಗುತ್ತಿರುತ್ತದೆ. ಚಕ್ಕುಲಿ ಒತ್ತುವಾಗ ನಡುವಿನಿಂದ ಶುರುವಾಗಿ ಹೊರಗೆ ಸುತ್ತು ಬೆಳೆಯುತ್ತದಲ್ವಾ, ಹಾಗೆ. ನೀವು ಕುಂಕುಮ ಹಚ್ಚುವ ಆ ಸುರುಳಿ ಹುಳುವಿನ ಬೆಳವಣಿಗೆಯ ದಾಖಲೆ! ಚಪ್ಪಟೆ ಮುಖ ಪಾದಕ್ಕೆ ಅಂಟಿದ್ದು, ಉಬ್ಬಿದ್ದು ಶತ್ರುವಿನ ಕಡೆಗೆ. ಹತ್ತಿರದ ಸಂಬಂಧಿ ಟಾಪ್ ಶೆಲ್ ಅನ್ನುವ ಬಸವನಹುಳುಗಳ ಮುಚ್ಚಳ ತೆಳ್ಳಗೆ, ಕೊಂಬಿನಂಥ ವಸ್ತುವಿನದು. ಟರ್ಬನ್‌ಗಳು ಅಂಥ ತೆಳು ಪದರದ ಮೇಲೆ ದಪ್ಪಗೆ ಸುಣ್ಣ ಕಟ್ಟುತ್ತವೆ.

ಮರುಳಾಗಿದ್ದು ನಾವಷ್ಟೇ ಅಲ್ಲ. 19ನೇ ಶತಮಾನದ ಅಮೆರಿಕದಲ್ಲಿ ಇಂಥ ಪುಟ್ಟ ಮುಚ್ಚಳಗಳನ್ನು 'ಕಣ್ಣಿನ ಕಲ್ಲು' ಅಂತ ಮಾರುತ್ತಿದ್ದರು. ಕಣ್ಣಲ್ಲಿ ಕಸ ಬಿದ್ದರೆ ರೆಪ್ಪೆಯ ಕೆಳಗೆ ತೂರಿಸುವುದು! ಮೊದಲು ವಿನೆಗರ್‌ನಲ್ಲಿ ಹಾಕಿ ತೋರಿಸುತ್ತಿದ್ದರು, ಅದು ತಾನೇ ಹರಿದಾಡುತ್ತಿತ್ತು, ಜೀವ ಇದೆ ಅಂತ ಜನ ನಂಬುತ್ತಿದ್ದರು. ಜೀವ ಏನಿಲ್ಲ. ಸುಣ್ಣಕ್ಕೆ ಹುಳಿ ತಾಗಿದರೆ ಕಾರ್ಬನ್ ಡೈಆಕ್ಸೈಡ್ ಗುಳ್ಳೆ ಏಳುತ್ತದೆ, ಗುಳ್ಳೆಗಳು ತಳ್ಳುತ್ತವೆ. ನಿಂಬೆರಸದಲ್ಲೂ ಗುಳ್ಳೆ ಬರುತ್ತದೆ, ಮಕ್ಕಳಿಗೆ ತೋರಿಸಿ. ದೇವರ ಜಗಲಿಯ ಮೇಲಿರುವುದನ್ನು ಮಾತ್ರ ಹಾಕಬೇಡಿ, ಹೊಳಪು ಹೋಗಿ ಮನೆಯಲ್ಲಿ ಬೈಸಿಕೊಳ್ಳುತ್ತೀರಿ.