ಸೆಂಡರ್: ಮೀಟರ್ ಮುಳ್ಳಿನ ಓಲೆಕಾರ

ಹಳೇ ಪಿಕಪ್ ಓಡಿಸುವವರ ಅರ್ಧ ಕಣ್ಣು ರಸ್ತೆಯ ಮೇಲೆ, ಇನ್ನರ್ಧ ಹೀಟ್ ಮೀಟರ್ ಮೇಲೆ. ಮುಳ್ಳು ಒಂದು ಬೆರಳಷ್ಟು ಮೇಲೆ ಸರಿದರೆ ಸಾಕು, ಎದೆ ಡವಡವ. ಆದರೆ ಆ ಮುಳ್ಳಿಗೆ ಎಂಜಿನ್ ಎಷ್ಟು ಬಿಸಿಯಾಗಿದೆ ಅಂತ ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರುವುದು ಒಂದೇ ಸಂಗತಿ: ತನ್ನ ತಂತಿಯಲ್ಲಿ ಎಷ್ಟು ಕರೆಂಟ್ ಹರಿಯುತ್ತಿದೆ ಅನ್ನುವುದು. ಹರಿಯುವ ಕರೆಂಟನ್ನು ಹೆಚ್ಚು ಕಡಿಮೆ ಮಾಡುವುದು ಎಂಜಿನ್ನಿಗೆ ಸಿಕ್ಕಿಸಿರುವ, ಹೆಬ್ಬೆರಳಿನಷ್ಟು ದೊಡ್ಡ ಹಿತ್ತಾಳೆ ತುಂಡು. ಅದರ ಹೆಸರು ಸೆಂಡರ್.

ಸೆಂಡರ್ ಅಂದರೆ ಕಳಿಸುವವನು. ಹಳೆಯ ಕನ್ನಡದಲ್ಲಿ ಹೇಳುವುದಾದರೆ ಓಲೆಕಾರ. ಎಂಜಿನ್ನಿನ ಸುದ್ದಿಯನ್ನು ಡ್ಯಾಶ್‌ಬೋರ್ಡಿಗೆ ಮುಟ್ಟಿಸುವುದು ಅದರ ಕೆಲಸ. ಮೆಕ್ಯಾನಿಕ್‌ಗಳ ಬಾಯಲ್ಲಿ ಇದು ಸೆಂಡಿಂಗ್ ಯೂನಿಟ್, ಹೀಟ್ ಸೆನ್ಸರ್, ಹೀಟ್ ಸ್ವಿಚ್, ಬರೀ ‘ಬಲ್ಬ್’, ಹೀಗೆ ಏನು ಬೇಕಾದರೂ ಆಗುತ್ತದೆ. ಈ ಹೆಸರುಗಳ ಗೊಂದಲದಿಂದಲೇ ಅರ್ಧ ತಲೆನೋವು ಶುರುವಾಗುವುದು. ಅದಕ್ಕೆ ಆಮೇಲೆ ಬರುತ್ತೇನೆ.

ಒಳಗೆ ಇರುವುದು ಥರ್ಮಿಸ್ಟರ್ ಅನ್ನುವ ಒಂದು ಬಿಲ್ಲೆ. ಮಾಮೂಲಿ ತಂತಿ ಬಿಸಿಯಾದರೆ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟನ್ನು ತಡೆಯುವ ಗುಣ, ಏರುತ್ತದೆ. ಈ ಬಿಲ್ಲೆಯದು ಉಲ್ಟಾ, ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಇಳಿಯುತ್ತದೆ. ಸಿಲ್ವರ್ ಸಲ್ಫೈಡ್‌ನಲ್ಲಿ ಈ ವಿಚಿತ್ರ ಗುಣವನ್ನು ಮೈಕೆಲ್ ಫ್ಯಾರಡೆ 1833ರಲ್ಲೇ ಗಮನಿಸಿದ್ದ. ಎಂಜಿನ್ ತಣ್ಣಗಿದ್ದಾಗ ಸೆಂಡರ್ ಕರೆಂಟನ್ನು ತಡೆದು ನಿಲ್ಲಿಸುತ್ತದೆ, ಮುಳ್ಳು ಕೆಳಗೆ ಮಲಗಿರುತ್ತದೆ. ಎಂಜಿನ್ ತಂಪು ಮಾಡುವ ನೀರು ಕಾದಂತೆ ದಾರಿ ಬಿಡುತ್ತದೆ, ಮುಳ್ಳು ಏಳುತ್ತದೆ. 1960, 70ರ ದಶಕದ ಫೋರ್ಡ್ ಪಿಕಪ್‌ಗಳ ಮೀಟರನ್ನೇ ನೋಡಿ. ಸೆಂಡರ್ ಬದಲು 73 ಓಮ್ (ರೆಸಿಸ್ಟೆನ್ಸಿನ ಅಳತೆ) ಕೊಟ್ಟರೆ ಮುಳ್ಳು ಕೋಲ್ಡ್ ಕಡೆ ನಿಲ್ಲುತ್ತದೆ, 10 ಓಮ್ ಕೊಟ್ಟರೆ ಹಾಟ್ ಕಡೆಗೆ ಹೋಗುತ್ತದೆ. ಇಡೀ ಮೀಟರಿನ ಆಟ ಈ ಅರವತ್ತು ಚಿಲ್ಲರೆ ಓಮ್‌ಗಳ ಒಳಗೇ ಮುಗಿಯಿತು. ಕನೆಕ್ಟರಿನಲ್ಲಿ ಸ್ವಲ್ಪ ಕಿಲುಬು ಕೂತು ಹತ್ತಿಪ್ಪತ್ತು ಓಮ್ ಸೇರಿಕೊಂಡರೆ ಲೆಕ್ಕ ಎಲ್ಲಿಗೆ ಹೋಗುತ್ತದೆ ನೀವೇ ಊಹಿಸಿ.

ಇನ್ನು ಹೆಸರುಗಳ ಗೊಂದಲ. ಒಂದೇ ಎಂಜಿನ್ನಿನಲ್ಲಿ, ಒಂದೇ ಥರ ಕಾಣುವ ಮೂರು ಹಿತ್ತಾಳೆ ತುಂಡುಗಳು ಇರಬಹುದು. ಒಂಟಿ ತಂತಿಯದು ಸಾಮಾನ್ಯವಾಗಿ ಸೆಂಡರ್, ಅದು ಮೀಟರಿಗೆ ಮಾತ್ರ. ಎರಡು ತಂತಿಯದು ಹೆಚ್ಚಾಗಿ ಸೆನ್ಸರ್. ಇಂಜೆಕ್ಷನ್ ಇರುವ ಗಾಡಿಯಲ್ಲಿ ಅದು ಕಂಪ್ಯೂಟರಿಗೆ ಸುದ್ದಿ ಹೇಳುತ್ತದೆ, ಎಷ್ಟು ಪೆಟ್ರೋಲ್ ಬಿಡಬೇಕು ಅಂತ ಕಂಪ್ಯೂಟರ್ ಅದನ್ನು ಕೇಳಿ ತೀರ್ಮಾನಿಸುತ್ತದೆ. ಮೂರನೆಯದು ಸ್ವಿಚ್. ಅದಕ್ಕೆ ನಡುವಿನ ಮಾತೇ ಇಲ್ಲ. ಇಂತಿಷ್ಟು ಡಿಗ್ರಿ ದಾಟಿದರೆ ಆನ್, ಇಲ್ಲದಿದ್ದರೆ ಆಫ್. ಕೆಂಪು ದೀಪ ಹೊತ್ತಿಸುವುದಕ್ಕೋ ಫ್ಯಾನ್ ತಿರುಗಿಸುವುದಕ್ಕೋ ಅಷ್ಟೇ ಅದರ ಉಪಯೋಗ.

ಸೆಂಡರ್ ಜಾಗದಲ್ಲಿ ಸ್ವಿಚ್ ಹಾಕಿದರೆ ತಮಾಷೆ ನೋಡಬೇಕು. ಮುಳ್ಳು ಗಂಟೆಗಟ್ಟಲೆ ಕೋಲ್ಡ್‌ನಲ್ಲೇ ಬಿದ್ದಿರುತ್ತದೆ. ಎಂಜಿನ್ ನಿಜವಾಗಿ ಕುದಿಯುವ ಹೊತ್ತಿಗೆ ಒಂದೇ ನೆಗೆತಕ್ಕೆ ಹಾಟ್ ದಾಟಿ ಹೋಗಿ ಅಂಟಿಕೊಳ್ಳುತ್ತದೆ. ನಡುವೆ ನಿಲ್ಲುವುದೇ ಇಲ್ಲ. ಬೇರೆ ಮಾಡೆಲ್ಲಿನ ಸೆಂಡರ್ ಹಾಕಿದರೆ ಇನ್ನೊಂದು ಥರ. ಮುಳ್ಳು ನಯವಾಗಿಯೇ ಏಳುತ್ತದೆ, ಇಳಿಯುತ್ತದೆ, ಆದರೆ ಯಾವಾಗಲೂ ಒಂದು ಗೆರೆ ಮೇಲೆ ಅಥವಾ ಕೆಳಗೆ ಇರುತ್ತದೆ. ಥ್ರೆಡ್ (ತಿರುಪಿನ ಸುತ್ತು) ಕೂತುಬಿಟ್ಟಿತು ಅಂತ ಪಾರ್ಟ್ ಸರಿ ಅಂದುಕೊಳ್ಳಬೇಡಿ.

ಇದೇ ಕಾರಣಕ್ಕೆ, ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದಾಗ ಬರುವ ಅಂಕಿ ಮತ್ತು ಡ್ಯಾಶ್‌ಬೋರ್ಡಿನ ಮುಳ್ಳು ಬೇರೆ ಬೇರೆ ಹೇಳಿದರೆ ಗಾಬರಿ ಬೇಡ. ಅನೇಕ ಹಳೇ ಗಾಡಿಗಳಲ್ಲಿ ಎರಡೂ ಸುದ್ದಿ ಬರುವುದು ಎರಡು ಬೇರೆ ತುಂಡುಗಳಿಂದ. ಸಾಲದ್ದಕ್ಕೆ ಎಂಜಿನ್ನಿನ ಎರಡು ಬೇರೆ ಜಾಗಗಳಿಂದ.

ಈಗ ನನ್ನದೇ ಕತೆ. ನನ್ನ ಪಿಕಪ್‌ನ ಮುಳ್ಳು ಇದ್ದಕ್ಕಿದ್ದಂತೆ ಮೇಲೆ ಏರಲು ಶುರು ಮಾಡಿತು. ಗ್ಯಾರೇಜಿನಲ್ಲಿ ಥರ್ಮೋಸ್ಟಾಟ್ (ನೀರು ಕಾದ ಮೇಲೆ ರೇಡಿಯೇಟರಿಗೆ ದಾರಿ ತೆರೆಯುವ ಬಾಗಿಲು) ಬದಲಾಯಿಸಿದರು. ಸರಿ ಹೋಗಲಿಲ್ಲ. ರೇಡಿಯೇಟರ್ ತೊಳೆಸಿದೆ, ಅದೂ ಆಗಲಿಲ್ಲ. ಕೊನೆಗೆ ಸೆಂಡರನ್ನೂ ಹೊಸದು ಹಾಕಿಸಿದೆ, ಮುಳ್ಳು ಕೇರ್ ಮಾಡಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತಾರಲ್ಲ, ಹಾಗೆ ನಾನು ಮೂರು ಎಮ್ಮೆಗೆ ಬರೆ ಹಾಕಿದ್ದೆ. ಒಂದು ಸಂಜೆ ಕತ್ತಲಾಗುವಾಗ ಹೆಡ್‌ಲೈಟ್ ಹಾಕಿದೆ. ಮುಳ್ಳು ಟಕ್ಕನೆ ಒಂದು ಗೆರೆ ಮೇಲೆ ಹೋಯಿತು. ಆಫ್ ಮಾಡಿದೆ, ಇಳಿಯಿತು. ಮತ್ತೆ ಹಾಕಿದೆ, ಮತ್ತೆ ಏರಿತು. ರಸ್ತೆ ಬದಿಯಲ್ಲಿ ಕೂತು ಮಗುವಿನ ಹಾಗೆ ಹತ್ತು ಸಲ ಆನ್ ಆಫ್ ಮಾಡಿದೆ. ಇಷ್ಟು ದೊಡ್ಡ ಕಬ್ಬಿಣದ ಎಂಜಿನ್ ಒಂದು ಸೆಕೆಂಡಿನಲ್ಲಿ ಬಿಸಿಯಾಗಿ ಮರುಸೆಕೆಂಡಿನಲ್ಲಿ ತಣ್ಣಗಾಗುತ್ತದೆಯೇ? ಸಾಧ್ಯವೇ ಇಲ್ಲ ಅಲ್ವಾ. ಅಂದರೆ ಸುಳ್ಳು ಹೇಳುತ್ತಿದ್ದುದು ಕರೆಂಟಿನ ದಾರಿ.

ಒಂಟಿ ತಂತಿಯ ಸೆಂಡರಿಗೆ ಎರಡನೇ ತಂತಿ ಅಂದರೆ ಎಂಜಿನ್ ಬ್ಲಾಕೇ, ಅಂದರೆ ಎಂಜಿನ್ನಿನ ಲೋಹದ ಮೈಯೇ. ಕರೆಂಟ್ ಮೀಟರಿನಿಂದ ತಂತಿಯಲ್ಲಿ ಬಂದು, ಸೆಂಡರ್ ದಾಟಿ, ಅದರ ಥ್ರೆಡ್ ಮೂಲಕ ಬ್ಲಾಕಿಗೆ ಇಳಿದು ಬ್ಯಾಟರಿಗೆ ವಾಪಸ್ ಹೋಗುತ್ತದೆ. ಹೆಡ್‌ಲೈಟಿನ ಕರೆಂಟ್ ಬಾಡಿಗೆ ಇಳಿದು, ಬಾಡಿ ಮತ್ತು ಎಂಜಿನ್ ನಡುವಿನ ಹೆಣೆದ ಅರ್ಥ್ ಪಟ್ಟಿಯಿಂದ ವಾಪಸ್ ಹೋಗುತ್ತದೆ. ನನ್ನ ಗಾಡಿಯಲ್ಲಿ ಆ ಪಟ್ಟಿ ತುಕ್ಕು ಹಿಡಿದು ನಾಲ್ಕೈದು ಎಳೆ ಮಾತ್ರ ಉಳಿದಿತ್ತು. ಲೈಟಿನ ಜಾಸ್ತಿ ಕರೆಂಟ್ ಅಲ್ಲಿ ಹೋಗಲಾಗದೆ ಒದ್ದಾಡಿದಾಗ ಬಾಡಿಯ ವೋಲ್ಟೇಜೇ ಸ್ವಲ್ಪ ಏರಿಬಿಡುತ್ತಿತ್ತು. ಬಾಡಿಯನ್ನು ಸೊನ್ನೆ ಅಂತ ನಂಬಿ ಕೂತಿದ್ದ ಮೀಟರ್ ತಪ್ಪು ಲೆಕ್ಕ ಹಾಕುತ್ತಿತ್ತು. ಹೊಸ ಪಟ್ಟಿ ಹಾಕಿ, ಎರಡೂ ಕಡೆ ಬಣ್ಣ ಕೆರೆದು ಬಿಗಿದೆ. ಮುಳ್ಳು ತೆಪ್ಪಗಾಯಿತು.

ಅದಕ್ಕೇ ಈಗ ನನ್ನ ಮೊದಲ ಪರೀಕ್ಷೆ ಇದು, ಸ್ಪ್ಯಾನರ್ ಮುಟ್ಟುವ ಮುಂಚೆ. ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಸೆಂಡರಿನ ತಂತಿ ಕಿತ್ತುಬಿಡಿ. ಹೆಚ್ಚಿನ ಹಳೇ ಗಾಡಿಗಳಲ್ಲಿ ಮುಳ್ಳು ಕೋಲ್ಡ್ ಕಡೆ ಬೀಳಬೇಕು. ಬೀಳದಿದ್ದರೆ ಆ ತಂತಿ ದಾರಿಯಲ್ಲೆಲ್ಲೋ ಸುಲಿದು ಬಾಡಿಗೆ ತಾಗುತ್ತಿದೆ, ಇಲ್ಲವೇ ಮೀಟರೇ ಕೆಟ್ಟಿದೆ. ಆಮೇಲೆ ತಂತಿಯ ತುದಿಯನ್ನು ಬ್ಲಾಕಿನ ಶುದ್ಧ ಲೋಹಕ್ಕೆ ಒಂದೆರಡು ಕ್ಷಣ ತಾಗಿಸಿ. ಮುಳ್ಳು ಹಾಟ್ ಕಡೆ ಹೊರಡಬೇಕು. ಹೊರಟಿತು ಅಂದರೆ ಮೀಟರ್ ಮತ್ತು ತಂತಿ ಕೆಲಸ ಮಾಡುತ್ತಿವೆ, ಅನುಮಾನ ಸೆಂಡರ್ ಇಲ್ಲವೇ ಅರ್ಥ್ ಮೇಲೆ. ಹೊರಟ ಕೂಡಲೇ ತಂತಿ ತೆಗೆಯಿರಿ, ಹಿಡಿದೇ ಇದ್ದರೆ ಕೆಲವು ಹಳೇ ಮೀಟರ್‌ಗಳು ಒಳಗೇ ಸುಟ್ಟುಹೋಗುತ್ತವೆ. ಹತ್ತು ಓಮಿನ ಒಂದು ರೆಸಿಸ್ಟರ್ ನಡುವೆ ಇಟ್ಟು ತಾಗಿಸುವುದು ಇನ್ನೂ ಒಳ್ಳೆಯದು. ಎರಡು ತಂತಿಯ ಕಂಪ್ಯೂಟರ್ ಸೆನ್ಸರಿಗೆ ಮಾತ್ರ ಈ ಆಟ ಬೇಡ.

ಹೀಟ್ ಮುಳ್ಳಿನ ಜತೆ ಪೆಟ್ರೋಲ್ ಮುಳ್ಳೂ ಮೇಲೆ ಏರುತ್ತಿದ್ದರೆ ಸೆಂಡರಿಗೆ ಕೈ ಹಾಕಲೇಬೇಡಿ. ಕೆಲವು ಹಳೇ ಡ್ಯಾಶ್‌ಬೋರ್ಡ್‌ಗಳ ಹಿಂದೆ ಒಂದು ಪುಟ್ಟ ವೋಲ್ಟೇಜ್ ರೆಗ್ಯುಲೇಟರ್ ಇರುತ್ತದೆ. ಹನ್ನೆರಡು ವೋಲ್ಟನ್ನು ಟಕ ಟಕ ಅಂತ ಕತ್ತರಿಸಿ, ಸರಾಸರಿ ಸುಮಾರು ಐದು ವೋಲ್ಟ್ ಮಾಡಿ ಮೀಟರ್‌ಗಳಿಗೆ ಕೊಡುತ್ತದೆ. ಅದು ಅಂಟಿಕೊಂಡರೆ ಎರಡೂ ಮುಳ್ಳು ಒಟ್ಟಿಗೇ ಮೇಲೆ. ಟ್ಯಾಂಕ್ ತಾನಾಗೇ ತುಂಬಿತು ಅಂತ ಖುಷಿಪಡುವ ಹಾಗಿಲ್ಲ.

ಸೆಂಡರ್ ಮೇಲೇ ಅನುಮಾನ ಬಂತು ಅಂತಿಟ್ಟುಕೊಳ್ಳಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಅದನ್ನು ಬಿಚ್ಚಿ. ಓಮ್ ಅಳೆಯುವ ಮಲ್ಟಿಮೀಟರಿನ ಒಂದು ಕಡ್ಡಿ ತುದಿಯ ಪಿನ್ನಿಗೆ, ಇನ್ನೊಂದು ಹಿತ್ತಾಳೆ ಮೈಗೆ. ತಣ್ಣೀರಿನಲ್ಲಿ ತುದಿ ಅದ್ದಿ ಓಮ್ ಬರೆದುಕೊಳ್ಳಿ. ಆಮೇಲೆ ನೀರನ್ನು ಕಾಯಿಸುತ್ತಾ ಹೋಗಿ. ಅಂಕಿ ನಯವಾಗಿ, ನಿಲ್ಲದೆ ಇಳಿಯಬೇಕು. ನಡುವೆ ಜಿಗಿದರೆ, ಅಥವಾ ಅಲುಗಾಡಿಸಿದಾಗ ಬದಲಾದರೆ, ಅದರ ಕತೆ ಮುಗಿಯಿತು. ಕುದಿನೀರು ಅಂದರೆ ನೂರು ಡಿಗ್ರಿ ಅಂತ ಕಣ್ಣು ಮುಚ್ಚಿ ಬರೆಯಬೇಡಿ. ಸಮುದ್ರ ಮಟ್ಟದಿಂದ ಪ್ರತಿ 300 ಮೀಟರ್ ಮೇಲೆ ಹೋದ ಹಾಗೆ ಕುದಿಯುವ ಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ನಾನು ಬದಲಾಯಿಸಿದ ಹಳೇ ಸೆಂಡರನ್ನೂ ಹೀಗೆ ನೋಡಿದೆ. ಪಾಪ, ಚಿನ್ನದಂಥ ಸೆಂಡರ್. ಸುಮ್ನೆ ಕೆಲಸ ಕಳೆದುಕೊಂಡಿತ್ತು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಸುಳ್ಳು ಬಿಸಿಯ ವಿಷಯ. ಅದರಿಂದ ದುಡ್ಡು ಹಾಳಾಗುತ್ತದೆ, ಎಂಜಿನ್ ಉಳಿಯುತ್ತದೆ. ನಿಜವಾಗಿ ಹೆದರಬೇಕಾದ್ದು ಸುಳ್ಳು ತಂಪಿಗೆ. ಸೆಂಡರ್ ಅಳೆಯುವುದು ತನ್ನ ಮೂಗಿಗೆ ತಾಗಿದ್ದನ್ನು ಮಾತ್ರ. ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಸೋರಿ ಮಟ್ಟ ಇಳಿದು ಸೆಂಡರಿನ ಮೂಗು ಗಾಳಿಯಲ್ಲಿ ನಿಂತರೆ, ಅದಕ್ಕೆ ಬಿಸಿ ಸರಿಯಾಗಿ ಮುಟ್ಟುವುದಿಲ್ಲ. ಕೆಳಗೆ ಎಂಜಿನ್ ಬೇಯುತ್ತಿರುತ್ತದೆ, ಮೇಲೆ ಮುಳ್ಳು ಆರಾಮಾಗಿ ಕೆಳಗಿಳಿಯುತ್ತಿರುತ್ತದೆ. ಬಿಸಿ ಏರುತ್ತಿದ್ದ ಮುಳ್ಳು ಏರುದಾರಿಯ ನಡುವೆ ತಟ್ಟನೆ ಇಳಿದರೆ ಸಮಾಧಾನಪಡಬೇಡಿ, ಗಾಡಿ ನಿಲ್ಲಿಸಿ. 1910ರ ದಶಕದಲ್ಲಿ ಬಂದ ಬಾಯ್ಸ್ ಮೋಟೋಮೀಟರ್ ಇನ್ನೊಂದು ಥರ. ಅದು ರೇಡಿಯೇಟರ್ ಮುಚ್ಚಳದ ಮೇಲೇ ಕೂರುವ ಥರ್ಮಾಮೀಟರ್. ನೀರಿನ ಮೇಲಿನ ಆವಿಯ ಬಿಸಿಯನ್ನೇ ಅಳೆಯಲು ಮಾಡಿದ್ದು. ಈಗಿನ ಸೆಂಡರ್ ನೀರಿಗೆ ಅಂತಲೇ ಮಾಡಿದ್ದು, ನೀರು ಬೇಕೇ ಬೇಕು.

ಸೆಂಡರ್ ನಿಜವನ್ನೇ ಹೇಳುತ್ತಿದೆ ಅಂತ ಖಾತ್ರಿಯಾದ ಮೇಲೆ ಮುಳ್ಳಿನ ನಡವಳಿಕೆ ಓದುವುದು ಸುಲಭ. ಟ್ರಾಫಿಕ್‌ನಲ್ಲಿ ಏರಿ ಓಡಿದರೆ ಇಳಿಯುತ್ತದೆಯಾ? ಫ್ಯಾನ್ ಅಥವಾ ಫ್ಯಾನ್ ಕ್ಲಚ್ ನೋಡಿ. ವೇಗದಲ್ಲಿ, ಏರಿನಲ್ಲಿ, ಭಾರ ಹೊತ್ತಾಗ ಏರುತ್ತದೆಯಾ? ರೇಡಿಯೇಟರ್ ಕಟ್ಟಿರಬಹುದು. ಹೆದ್ದಾರಿಯಲ್ಲಿ ಕೋಲ್ಡ್ ಬಿಟ್ಟು ಏಳುವುದೇ ಇಲ್ಲವಾ? ಥರ್ಮೋಸ್ಟಾಟ್ ತೆರೆದೇ ಅಂಟಿಕೊಂಡಿದೆ. ಮಾಮೂಲಿ ಥರ್ಮೋಸ್ಟಾಟ್‌ಗಳು 82 ಅಥವಾ 90 ಡಿಗ್ರಿಯ ಸುಮಾರಿಗೆ ತೆರೆಯಲು ಶುರು ಮಾಡುತ್ತವೆ. ಹಾಗಾಗಿ 95 ಡಿಗ್ರಿ ಕಂಡು ಬೆಚ್ಚಬೇಕಾಗಿಲ್ಲ. ಅರ್ಧ ನೀರು, ಅರ್ಧ ಕೂಲೆಂಟ್, ಜತೆಗೆ ಒಳ್ಳೆಯ ಪ್ರೆಶರ್ ಮುಚ್ಚಳ ಇದ್ದರೆ ಕುದಿಯಲು 120 ದಾಟಬೇಕು. ಆ ಮುಚ್ಚಳವನ್ನು ಬಿಸಿಯಲ್ಲಿ ತೆಗೆದಿರೋ, ಒತ್ತಡ ಹೋಗಿ ಎಲ್ಲ ಒಟ್ಟಿಗೆ ಕುದಿದು ಮುಖಕ್ಕೆ ಹಾರುತ್ತದೆ.

ಹೊರಗಿನಿಂದ ತಾಳೆ ನೋಡಲು ಇನ್‌ಫ್ರಾರೆಡ್ ಗನ್ ಒಳ್ಳೆಯದು, ಸೆಂಡರ್ ಪಕ್ಕದಲ್ಲೇ ಗುರಿ ಇಡಿ. ಆದರೆ ಹೊಳೆಯುವ ಅಲ್ಯುಮಿನಿಯಂ ಅದಕ್ಕೂ ಟೋಪಿ ಹಾಕುತ್ತದೆ, ಇರುವುದಕ್ಕಿಂತ ತುಂಬಾ ಕಡಿಮೆ ತೋರಿಸುತ್ತದೆ. ಆ ಜಾಗಕ್ಕೆ ಚೂರು ಕಪ್ಪು ಬಣ್ಣ ಬಳಿದು ನೋಡಿ. ಇನ್ನು ಹೊಸ ಸೆಂಡರ್ ಕೂರಿಸುವಾಗ ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಥ್ರೆಡ್ಡಿಗೆ ದಪ್ಪಗೆ ಸುತ್ತಬೇಡಿ. ನೀರು ಸೋರುವುದು ನಿಲ್ಲಬಹುದು, ಜತೆಗೆ ಅರ್ಥೂ ನಿಲ್ಲಬಹುದು. ಆಗ ಮುಳ್ಳು ಕೋಲ್ಡ್‌ನಲ್ಲೇ ಮಲಗಿಬಿಡುತ್ತದೆ, ನೀವು ಮತ್ತೆ ಥರ್ಮೋಸ್ಟಾಟ್ ಕೊಳ್ಳಲು ಹೊರಡುತ್ತೀರಿ.