ಪ್ಲಾಸ್ಟಿಕ್ ಗೊತ್ತಿಲ್ಲದ ಯಂತ್ರ, ಪ್ಲಾಸ್ಟಿಕ್ ಅರಗಿಸುವ ಕಿಣ್ವ

ಕಿಣ್ವಗಳ ಮೇಲೆ ಕೆಲಸ ಮಾಡುವವರಿಗೆ ಈಗ ಎಲ್ಲೆಡೆ ಎದುರಾಗುವುದು ಒಂದೇ ಪ್ರಶ್ನೆ: ‘ಎಐ ಬಂತಲ್ಲ, ಇನ್ನು ಲ್ಯಾಬಿನಲ್ಲಿ ಏನು ಕೆಲಸ?’ 2024ರ ರಸಾಯನಶಾಸ್ತ್ರದ ನೊಬೆಲ್, ಪ್ರೋಟೀನಿನ ಆಕಾರ ಊಹಿಸುವ ಎಐ ಆಲ್ಫಾಫೋಲ್ಡ್‌ನ ಹಸಾಬಿಸ್, ಜಂಪರ್ ಹಾಗೂ ಪ್ರೋಟೀನ್ ವಿನ್ಯಾಸದ ಡೇವಿಡ್ ಬೇಕರ್ ಪಾಲಾದ ಮೇಲಂತೂ ಕೇಳುವವರು ಹೆಚ್ಚಾಗಿದ್ದಾರೆ. ನಾನು ಉತ್ತರವಾಗಿ ಹೇಳುವುದು ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ನಡೆದ ಒಂದು ಕೆಲಸದ ಕಥೆ.

ನೀರಿನ ಬಾಟಲಿಯ ಪ್ಲಾಸ್ಟಿಕ್ಕಾದ ಪೆಟ್ ಅನ್ನು ತಿನ್ನುವ ಬ್ಯಾಕ್ಟೀರಿಯಾ ಜಪಾನಿನ ಸಕಾಯ್‌ನಲ್ಲಿ ಸಿಕ್ಕಿದ್ದು 2016ರಲ್ಲಿ ವರದಿಯಾಯಿತು. ಪೆಟ್ ಅನ್ನು ತುಂಡರಿಸುವ ಅದರ ಕಿಣ್ವ ಪೆಟೇಸ್. ಅದೊಂದು ಪ್ರೋಟೀನ್, ಅಂದರೆ ಅಮೈನೋ ಆಮ್ಲಗಳ ಸರ ಮಡಚಿಕೊಂಡ ರೂಪ. ತೊಂದರೆ ಏನೆಂದರೆ ಪೆಟ್‌ನ ಬಿಗಿ ಅಣುಸರಪಳಿಗಳು ಸಡಿಲವಾಗಲು ಬಿಸಿ ಬೇಕು. ಬಿಸಿ ಏರಿದರೆ ಪೆಟೇಸ್‌ನ ಮಡಿಕೆಯೇ ಬಿಚ್ಚಿಕೊಂಡು ಕೆಲಸ ನಿಲ್ಲುತ್ತದೆ. ಹಾಗಾಗಿ ಕಿಣ್ವವನ್ನು ಗಟ್ಟಿ ಮಾಡಬೇಕು. ಎಲ್ಲಿ? ಅದರಲ್ಲಿರುವುದು ಸುಮಾರು 260 ಅಮೈನೋ ಆಮ್ಲ, ಪ್ರತಿ ಜಾಗಕ್ಕೂ ಬೇರೆ 19 ಆಯ್ಕೆ. ಒಂದೊಂದನ್ನೇ ಬದಲಿಸಿದರೆ ಐದು ಸಾವಿರದಷ್ಟು ರೂಪಾಂತರ, ಎರಡೆರಡನ್ನು ಒಟ್ಟಿಗೆ ಬದಲಿಸಿದರೆ 1.2 ಕೋಟಿ. ಯಾವ ಲ್ಯಾಬೂ ಅಷ್ಟನ್ನು ತಯಾರಿಸಿ ನೋಡಲಾರದು.

ಆಸ್ಟಿನ್ ತಂಡ ಬಳಸಿದ ಮ್ಯೂಟ್‌ಕಂಪ್ಯೂಟ್ ಎಂಬ ನರಜಾಲ (ಉದಾಹರಣೆಗಳಿಂದ ಕಲಿಯುವ ಎಐ ಪ್ರೋಗ್ರಾಂ) ಕಲಿತದ್ದು 19 ಸಾವಿರಕ್ಕೂ ಹೆಚ್ಚು ಪ್ರೋಟೀನ್ ರಚನೆಗಳಿಂದ. ಒಂದು ಅಮೈನೋ ಆಮ್ಲವನ್ನು ಮರೆಮಾಡಿ, ಸುತ್ತಲಿನ ಪರಮಾಣುಗಳನ್ನಷ್ಟೇ ತೋರಿಸಿ ‘ಇಲ್ಲಿ ಯಾವುದು ಇರಬೇಕು?’ ಎಂದು ಕೇಳುವುದೇ ಅದರ ಪಾಠ. ಪೆಟೇಸ್‌ನಲ್ಲಿ ಇರುವ ಅಮೈನೋ ಆಮ್ಲಕ್ಕೂ ಜಾಲದ ಊಹೆಗೂ ತಾಳೆಯಾಗದ ಜಾಗಗಳೇ ಶಂಕಿತರು. ಗಮನಿಸಿ, ಪ್ಲಾಸ್ಟಿಕ್ ಬಗ್ಗೆ ಅದಕ್ಕೆ ಯಾರೂ ಏನೂ ಕಲಿಸಿರಲಿಲ್ಲ. ವೇಗದ ಬಗ್ಗೆಯೂ ಇಲ್ಲ. ನನ್ನನ್ನು ಹಿಡಿದಿಟ್ಟ ಅಂಶ ಇದೇ.

ಅದು ತೋರಿಸಿದ ಜಾಗಗಳಲ್ಲಿ, ಸರದಲ್ಲಿ 121ನೆಯದು ಅಷ್ಟರಲ್ಲಾಗಲೇ ವಿಜ್ಞಾನಿಗಳು ರಚನೆ ನೋಡಿ, ಯೋಚಿಸಿ ಬದಲಿಸಿದ್ದ ಜಾಗ. 224 ಮತ್ತು 233 ಹೊಸವು. 233ರಲ್ಲಿ ಧನವಿದ್ಯುದಂಶದ ಲೈಸಿನ್ ಎಂಬ ಅಮೈನೋ ಆಮ್ಲ ಕೂತರೆ ಹತ್ತಿರದ ಋಣವಿದ್ಯುದಂಶದ ಗ್ಲುಟಮೇಟ್ ಜೊತೆ ಕೊಂಡಿ ಬೀಳುತ್ತದೆ, ಮಡಿಕೆ ಬಿಗಿಯಾಗುತ್ತದೆ. ಹಳೆಯ ಬದಲಾವಣೆಗಳೂ ಸೇರಿ ಒಟ್ಟು ಐದು. 2022ರಲ್ಲಿ ಪ್ರಕಟವಾದ ಈ ಫಾಸ್ಟ್-ಪೆಟೇಸ್ 50 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂಗಡಿಯಲ್ಲಿ ಸಿಗುವ ಥರದ 51 ಪ್ಲಾಸ್ಟಿಕ್ ಡಬ್ಬಿ, ತಟ್ಟೆಗಳನ್ನು ಒಂದು ವಾರದೊಳಗೆ ಬಹುತೇಕ ಅರಗಿಸಿತು.

ಆದರೆ ಯಾವ ಬದಲಾವಣೆಯನ್ನು ಯಾವುದರ ಜೊತೆ ಜೋಡಿಸಬೇಕೆಂದು ತೀರ್ಮಾನವಾದದ್ದು ಪರದೆಯ ಮೇಲಲ್ಲ. ಜೀನ್ ಬದಲಿಸಿ, ಬ್ಯಾಕ್ಟೀರಿಯಾದಲ್ಲಿ ಬೆಳೆಸಿ, ಶುದ್ಧೀಕರಿಸಿ, ಪ್ಲಾಸ್ಟಿಕ್ ತುಂಡಿನ ಜೊತೆ ಇಟ್ಟು ಅಳೆದ ಮೇಲೆ. ಊಹಿಸಿದ ರಚನೆ ಎಷ್ಟೇ ನಿಖರವಾಗಿರಲಿ, ಅದು ನಿಂತ ಚಿತ್ರ. ಕಿಣ್ವದ ಕೆಲಸ ಚಲನೆಯಲ್ಲಿದೆ. ಇನ್ನೊಂದು ತೊಡಕು: ಬಾಟಲಿಯ ಪ್ಲಾಸ್ಟಿಕ್ ಭಾಗಶಃ ಹರಳುಗಟ್ಟಿದ್ದು, ಅಂದರೆ ಅದರ ಸರಪಳಿಗಳು ಒತ್ತಾಗಿ ಸಾಲುಗಟ್ಟಿವೆ. ಅದನ್ನು ಮೊದಲು ಕಾಯಿಸಿ ಕರಗಿಸಿ ಬೇಗ ತಣಿಸದಿದ್ದರೆ ಈ ಕಿಣ್ವವೂ ತಿಣುಕುತ್ತದೆ.

ಯಾವ ಬದಲಾವಣೆಯಿಂದ ವೇಗ ಎಷ್ಟು ಹೆಚ್ಚುತ್ತದೆ ಎಂದು ಯಂತ್ರವೇ ಹೇಳಬೇಕಾದರೆ ಅದಕ್ಕೆ ಬೇರೆ ಮೇವು ಬೇಕು: ಕೆಟ್ಟುಹೋದ ರೂಪಾಂತರಗಳ ಅಳತೆಗಳೂ, ಉಷ್ಣತೆ ಮತ್ತು ಪಿಎಚ್ (ಆಮ್ಲೀಯತೆಯ ಅಳತೆ) ಸಮೇತ. ಪ್ರಬಂಧಗಳಲ್ಲಿ ಅಚ್ಚಾಗುವುದು ಹೆಚ್ಚಾಗಿ ಗೆದ್ದವು; ಉಳಿದವು ಬಹುತೇಕ ನೋಟ್‌ಬುಕ್ಕಿನಲ್ಲೇ ಉಳಿಯುತ್ತವೆ. ಅದಕ್ಕೇ ನಾನು ವಿದ್ಯಾರ್ಥಿಗಳಿಗೆ, ಅಳತೆ ಸೊನ್ನೆ ಬಂದ ರೂಪಾಂತರಕ್ಕೂ ಕೋಷ್ಟಕದಲ್ಲಿ ಒಂದು ಸಾಲು ಬರೆಯಲು ಹೇಳುತ್ತೇನೆ. ಗೊಣಗುತ್ತಾರೆ, ಆದರೂ ಬರೆಯುತ್ತಾರೆ.